ಕತ್ತರಿ ಸಾರ್ ಪೆನ್ನಿನ ಮುಚ್ಚಳ

ಟಿಕ್, ಪೆನ್ನಿನ ನೀಲಿ ಮುಚ್ಚಳ ಕೂತ ಸದ್ದು, ಬೇರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ, ನಮ್ಮ ಹಣಕಾಸು ಮುಖ್ಯಸ್ಥರು ಹಾಗೆ ಮುಚ್ಚಳ ಹಾಕಿದರೆಂದರೆ ಯಾರದೋ ಖರ್ಚಿನ ಮೇಲೆ ಗೆರೆ ಎಳೆದಾಯಿತು ಅಂತಲೇ, ಸುಮ್ಮನೆ ಅವರಿಗೆ ಕತ್ತರಿ ಸಾರ್ ಅನ್ನುವ ಹೆಸರು ಬಿದ್ದಿಲ್ಲ, ಇವತ್ತು ಗೆರೆ ನನ್ನ ಮೇಲೆಯೇ ಇರಬೇಕು, ಮಾತಾಡು, ನಿಲ್ಲಿಸಬೇಡ, ಪರದೆಯ ಮೇಲೆ ಎರಡು ಊರಿನ ಮಾರಾಟದ ಗೆರೆ, ಒಂದರಲ್ಲಿ ನಮ್ಮ ಸೋಪಿನ ಜಾಹೀರಾತು ಎಂದಿನಂತೆ ನಡೆಸಿದೆವು, ಇನ್ನೊಂದರಲ್ಲಿ ಪೂರ್ತಿ ನಿಲ್ಲಿಸಿದೆವು, ನೋಡಿ, ನಿಲ್ಲಿಸಿದ ಊರಲ್ಲಿ ಮಾರಾಟ ಹೇಗೆ ಜಾರಿದೆ — ಹೂಡಿಕೆದಾರರು ಮೊದಲ ಸಲ ಫೋನು ಕೆಳಗಿಟ್ಟಿದ್ದಾರೆ. ಜನರ ನಂಬಿಕೆ, ಹೆಸರಿನ ಮೇಲಿನ ಅಕ್ಕರೆ ಅಂದರೆ ಇವರಿಗೆ ಆಕಳಿಕೆ, ಅದಕ್ಕೇ ಇವರ ಭಾಷೆಯಲ್ಲೇ ಹೇಳಲು ಹೊರಟೆ, ಜಾಹೀರಾತು ಖರ್ಚಲ್ಲ, ಹೂಡಿಕೆ, ಒಪ್ಪದಿದ್ದರೆ ನಮ್ಮ ಪ್ರಚಾರ ವಿಭಾಗಕ್ಕೆ ಬೀಗ, ನನ್ನ ಕೈಕೆಳಗಿನ ಹುಡುಗಿಯರು ಮನೆಗೆ. ಮೇಡಂ, ನಿಮ್ಮ ಸೋಪಿನ ನೊರೆ ಚೆನ್ನಾಗಿದೆ, ನೊರೆ ಇಳಿದ ಮೇಲೆ ಏನುಳಿಯುತ್ತೆ ಅಂತ ಕೇಳ್ತಾರೆ ಹೂಡಿಕೆದಾರರು, ಹೋದ ವಾರ ಲಿಫ್ಟಿನಲ್ಲಿ ಕತ್ತರಿ ಸಾರ್ ನಗುತ್ತಾ ಹೇಳಿದ್ದು, ಯಾಕೆ ಆ ನಗು, ಈ ಗೆರೆಗಳನ್ನು ಅವರಿಗೂ ತೋರಿಸಿದ್ದೆ, ಒಂದಕ್ಷರ ತಿದ್ದಲಿಲ್ಲ, ಚಹಾದ ಬಿಲ್ಲನ್ನೂ ತಿರುಗಿಸಿ ತಿರುಗಿಸಿ ನೋಡುವ ಮನುಷ್ಯ. ಮೂಲೆಯ ಹಿರಿಯ ಹೆಂಗಸು, ಪಿಂಚಣಿ ನಿಧಿಯ ಹಣ ಹೂಡುವವರು, ಕೈಯೆತ್ತಿದರು, ಒಂದು ಮಾತು ಕೇಳ್ಲಾಮ್ಮ, ಜಾಹೀರಾತು ನಿಲ್ಲಿಸಿದಾಗ ಆ ಊರಿನ ಅಂಗಡಿಗಳಲ್ಲಿ ಮಾಲು ಇತ್ತು ತಾನೇ? ಇತ್ತು ಎನ್ನಲು ಬಾಯಿ ತೆರೆದೆ, ಆಗಲೇ ನೆನಪಾಯಿತು, ಆ ದಿನಗಳಲ್ಲಿ ಫೋನಿನಲ್ಲಿ ಕೇಳಿದ ತಂಗಿಯ ದನಿ, ಅವಳಿರುವುದು ಅದೇ ಊರಲ್ಲಿ, ಅಕ್ಕಾ, ಎಂಥ ಕಂಪನಿನೇ ನಿಂದು, ಲಾರಿಯವರ ಮುಷ್ಕರ ಅಂತೆ, ಅಂಗಡಿ ಅಂಗಡಿ ಅಲೆದೆ, ನಿನ್ನ ಸೋಪು ಎಲ್ಲೂ ಇಲ್ಲ, ಬೇರೆ ತಗೊಳ್ಳೇ ಎಂದು ನಾನಂದರೆ, ಹೋಗೇ, ಅದರ ವಾಸನೆ ಯಾರಿಗೆ ಬೇಕು, ಬರೋವರೆಗೂ ಬರೀ ನೀರಲ್ಲೇ ಸ್ನಾನ — ನಕ್ಕಿದ್ದೆ, ಮರೆತಿದ್ದೆ, ಗೆರೆ ಕೆಳಗಿಳಿದದ್ದು ಕಂಡ ಖುಷಿಯಲ್ಲಿ ಯಾಕೆ ಎಂದು ಯಾರನ್ನೂ ಕೇಳಲಿಲ್ಲ, ಸೋಪೇ ಇರಲಿಲ್ಲ, ಜಾಹೀರಾತು ಇಲ್ಲದ್ದಕ್ಕಲ್ಲ, ಸೋಪು ಇಲ್ಲದ್ದಕ್ಕೆ ಬಿದ್ದ ಗೆರೆ ಇದು. ಬೇರೆ ಸೋಪು ಮುಟ್ಟದೆ ಕಾದ ತಂಗಿ, ನಮ್ಮ ಕೆಲಸದ ಬೆಲೆ ಅವಳೇ, ಅವಳನ್ನೇ ತೋರಿಸಬೇಕಿತ್ತು, ಈಗ ಹೇಗೆ, ಹೇಳಿಬಿಡಲಾ — ಇತ್ತು, ಎಂದರು ಯಾರೋ, ನಾನಲ್ಲ, ಕತ್ತರಿ ಸಾರ್, ಮಾಲು ಇತ್ತು, ನಾನೇ ವಿಚಾರಿಸಿದ್ದೀನಿ. ಟಿಕ್. ಲಾರಿ ಬಾಡಿಗೆಗೆಲ್ಲ ಸಹಿ ಹಾಕುವವರಿಗೆ ಲಾರಿ ನಿಂತದ್ದು ಗೊತ್ತಿರಲಿಲ್ಲವೇ, ಹೋದ ವಾರವೇ ಗೊತ್ತಿತ್ತು, ಅದಕ್ಕೇ ಆ ನಗು, ಶೇರಿನ ಬೆಲೆ ಏರಲಿ ಅಂತಲೋ, ನನ್ನ ಜುಟ್ಟು ಕೈಯಲ್ಲಿರಲಿ ಅಂತಲೋ, ಹಿರಿಯ ಹೆಂಗಸು ತಲೆಯಾಡಿಸಿದರು, ನಂಬಿದರೋ, ನಂಬಿದಂತೆ ಮಾಡಿದರೋ, ಒಪ್ಪಿಗೆ ಅನ್ನುತ್ತಾ ಎಲ್ಲರೂ ಏಳುತ್ತಿದ್ದಾರೆ, ಕುರ್ಚಿಗಳ ಕರಕರ, ನನ್ನ ಬಾಯಿ ಇನ್ನೂ ತೆರೆದೇ ಇದೆ. ಚೆನ್ನಾಗಿ ಒಪ್ಪಿಸಿದ್ರಿ ಮೇಡಂ, ಕಿವಿಯ ಹತ್ತಿರವೇ ಅವರ ದನಿ, ನಾವೆಲ್ಲ ಒಂದೇ ಮನೆಯವರಲ್ವಾ, ಮುಂದಿನ ವರ್ಷದ ನಿಮ್ಮ ಖರ್ಚಿನ ಲೆಕ್ಕ ಒಟ್ಟಿಗೆ ಕೂತು ನೋಡೋಣ, ನೀವು ಬೇಡ ಅನ್ನಲ್ಲ ಬಿಡಿ. ಫೋನಿನಲ್ಲಿ ಹುಡುಗಿಯರ ಸಂದೇಶ, ಅಕ್ಕಾ, ಉಳಿದ್ವಾ? ಉಳಿದ್ವಿ, ಬೆರಳು ಒತ್ತಿಯೇಬಿಟ್ಟಿತು, ತಂಗಿಯ ಕರೆ, ಎತ್ತುವುದಿಲ್ಲ, ಎತ್ತಿದರೆ ನನ್ನ ದನಿಯಲ್ಲೇ ಗೊತ್ತಾಗುತ್ತದೆ ಅವಳಿಗೆ, ಹುಡುಗಿಯರಿಗೆ ಹೇಳುವುದಿಲ್ಲ, ಮನೆಯಲ್ಲಿ ಇವರಿಗೂ ಇಲ್ಲ, ತಂಗಿಗಂತೂ ಇಲ್ಲವೇ ಇಲ್ಲ, ಯಾರಿಗೂ ಹೇಳುವುದಿಲ್ಲ, ಗೊತ್ತಿರುವವರು ಒಬ್ಬರೇ ಸಾಕು, ಬಾಗಿಲಲ್ಲಿ ನಿಂತಿದ್ದಾರೆ, ನನಗೆ ದಾರಿ ಬಿಟ್ಟು, ಕೈಯಲ್ಲಿ ಪೆನ್ನು, ಹೆಬ್ಬೆರಳ ಕೆಳಗೆ ಆ ನೀಲಿ ಮುಚ್ಚಳ, ತೆಗೆದು, ಹಾಕಿ, ತೆಗೆದು —