ಅಣ್ಣಿಗೇರಿಯಿಂದ ಬಂದ ಸುದ್ದಿ

ನವಲಗುಂದದ ಬಸ್‌ಸ್ಟ್ಯಾಂಡಿನ ಹಿಂದಿದ್ದ ಜಮಖಾನ ನೇಯುವ ಶೆಡ್ಡಿಗೆ ದಿನಕರ ಮ್ಯಾನೇಜರ್ ಆಗಿ ಬಂದದ್ದು ಎಪ್ಪತ್ನಾಲ್ಕರ ಬೇಸಿಗೆಯಲ್ಲಿ. ಹದಿನೈದು ದಿನದೊಳಗೆ ಅಲ್ಲಿ ನೇಯುವ ಹನ್ನೆರಡೂ ಹೆಂಗಸರ ಮಕ್ಕಳ ಹೆಸರು ಅವನ ಬಾಯಲ್ಲಿದ್ದವು. ಯಾರಿಗೆ ಮಂಡಿನೋವು, ಯಾರ ಗಂಡ ಕುಡಿಯುತ್ತಾನೆ, ಎಲ್ಲ ಕೇಳಿ ತಿಳಿದುಕೊಂಡಿದ್ದ. “ಇಂಥಾ ಸಾಹೇಬ ಸಿಗೂದಿಲ್ಲ ಬಿಡ್ರವಾ” ಎಂದು ಮೊದಲು ಹೊಗಳಿದವಳು ಕಸ್ತೂರೆವ್ವನೇ.

ಕಸ್ತೂರೆವ್ವ ಮತ್ತು ಮಲಿಕಾಬಿ ಒಂದೇ ಮಗ್ಗದ ಮುಂದೆ ಒಂಬತ್ತು ವರ್ಷ ಅಕ್ಕಪಕ್ಕ ಕೂತವರು. ಕಸ್ತೂರೆವ್ವನಿಗೆ ಕೆಲಸ ಕಲಿಸಿದವಳು ಮಲಿಕಾಬಿ. ಒಬ್ಬಳು ಎಡದಿಂದ, ಇನ್ನೊಬ್ಬಳು ಬಲದಿಂದ ನೂಲು ತುಂಬುತ್ತ ಬಂದು ನಡುವೆ ಕೂಡಿಸಬೇಕು.

ಶ್ರಾವಣದ ಒಂದು ಶನಿವಾರ ದೊಡ್ಡ ಜಮಖಾನವೊಂದು ಸಂಜೆಯೊಳಗೆ ಮುಗಿಯಬೇಕಿತ್ತು. ನೀರು ಕುಡಿಯಲು ಎದ್ದ ಮಲಿಕಾಬಿ, ಬಾಗಿಲಲ್ಲಿ ಯಾರೋ ದಿನಕರನೊಡನೆ ಮಾತಾಡಿ ಅವಸರದಿಂದ ಹೋದದ್ದನ್ನು ಕಂಡಳು.

“ಯಾರ್ರಿ ಸಾಹೇಬ್ರ ಅಂವಾ?”

ದಿನಕರ ದನಿ ತಗ್ಗಿಸಿದ. “ಕಸ್ತೂರೆವ್ವನ ಮಗಳ ಮೈದುನ, ಹೊಳೆಪ್ಪ. ಅಣ್ಣಿಗೇರಿಯೊಳಗ ಮಗಳಿಗೆ ಏಳ ತಿಂಗಳಿಗೇ ಬ್ಯಾನಿ ಸುರುವಾಗ್ಯಾವಂತ. ಕಸ್ತೂರೆವ್ವಗ ಮುಂಜಾನಿನೇ ಗೊತ್ತಾಗೇತ್ರಿ, ಅಂವಾ ಮತ್ತ ಕರಿಯಾಕ ಬಂದಿದ್ದ. ಹೋಗ್ರಿ ಅಂದೆ. ಇದನ್ನ ಮುಗಿಸೇ ಹೋಗ್ತೀನಿ ಅಂತಾರ. ನೀವೇನೂ ಕೇಳಬ್ಯಾಡ್ರಿ ಅಕ್ಕಾರ, ಮೊದಲ ನೊಂದಾರ.”

ಮಲಿಕಾಬಿ ಮರಳಿ ಬಂದು ಕೂತಾಗ ಕಸ್ತೂರೆವ್ವ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು.

“ಹಾಡೂ ಬರ್ತಾವೇನ ನಿನಗ ಇವತ್ತ?”

“ಏನಾತಬೇ ನಿನಗ?”

ಮಲಿಕಾಬಿ ತನ್ನ ಕಡೆಯ ನೂಲು ಎಳೆದುಕೊಂಡಳು. ಎಂಥ ತಾಯಿ ಇವಳು ಎಂದು ಒಳಗೇ ಕುದಿಯುತ್ತಿದ್ದಳು. ಗೆಳತಿ ಯಾಕೆ ಮುನಿದಳೆಂದು ತಿಳಿಯದೆ ಕಸ್ತೂರೆವ್ವನೂ ಚಡಪಡಿಸಿದಳು. ಇಡೀ ಮಧ್ಯಾಹ್ನ ಇಬ್ಬರ ಕೈ ಮಾತ್ರ ಓಡಿದವು.

ಐದೂವರೆಗೆ ಜಮಖಾನ ಮಗ್ಗದಿಂದ ಇಳಿಯಿತು. ಮಲಿಕಾಬಿ ಮುಖ ತಿರುಗಿಸಿಕೊಂಡೇ ಮನೆಗೆ ಹೋದಳು. ಆಮೇಲೆ ದಿನಕರ ಕಸ್ತೂರೆವ್ವನ ಹತ್ತಿರ ಓಡುತ್ತ ಬಂದ. “ಈಗಷ್ಟ ಸುದ್ದಿ ಬಂತ್ರಿ ಅಕ್ಕಾರ!” ಅವನ ಕಣ್ಣು ತುಂಬಿದ್ದವು. ಕೈಹಿಡಿದು ಕರೆದೊಯ್ದು ತಾನೇ ಬಸ್ಸು ಹತ್ತಿಸಿದ.

ಅವಳು ಅಣ್ಣಿಗೇರಿ ಮುಟ್ಟುವ ಹೊತ್ತಿಗೆ ಕೂಸನ್ನು ಮಣ್ಣು ಮಾಡಿ ಬಂದಿದ್ದರು. ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. “ಮುಂಜಾನಿಯಿಂದ ಬಾಗಲಾ ನೋಡಿದೆ ಯವ್ವಾ” ಎಂದಳು, ತಿರುಗಲಿಲ್ಲ.

“ಹನ್ನೊಂದಕ್ಕ ನಿಮ್ಮ ಸಾಹೇಬರಿಗೆ ಹೇಳಿ ಬಂದೆನಲ್ರಿ” ಎಂದ ಹೊಳೆಪ್ಪ. “ನೀವು ನಡೀರಿ, ನಾ ಕಳಸ್ತೀನಿ ಅಂದ್ರು.”

ಎಂಟು ದಿನದ ಬಳಿಕ ಕಸ್ತೂರೆವ್ವ ಶೆಡ್ಡಿಗೆ ಬಂದಳು. ದಿನಕರ ಚಹಾ ಕುಡಿಯುತ್ತಿದ್ದ.

“ಯಾಕ ಹೇಳ್ಲಿಲ್ರಿ ಸಾಹೇಬ್ರ?”

“ಹೇಳಿದ್ರ ನೀವು ಹೋಗ್ತಿದ್ರಿ. ಜಮಖಾನ ಮುಗೀತಿರಲಿಲ್ಲ.” ಅವನು ಚಹಾದ ಬಸಿ ಕೆಳಗಿಟ್ಟ. “ನೀವು ಹೋಗಿದ್ರ ಕೂಸು ಉಳೀತಿತ್ತೇನ್ರಿ?”

ಚುಚ್ಚಲೆಂದು ಕೇಳಿದ್ದಲ್ಲ. ಯಾವ ಬಣ್ಣದ ನೂಲು ಬೇಕು ಎಂದು ಕೇಳುವವನಂತೆ ಉತ್ತರಕ್ಕೆ ಕಾಯುತ್ತಿದ್ದ. ಅಷ್ಟರಲ್ಲಿ ಹೊರಗೆ ಮಾಲೀಕರ ಕಾರು ನಿಂತಿತು. ದಿನಕರ ಎದ್ದು ಅವಳ ಪಕ್ಕಕ್ಕೆ ಬಂದ. ಅವಳು ನೋಡುತ್ತಿದ್ದಂತೆಯೇ ಅವನ ಕಣ್ಣಲ್ಲಿ ನೀರು ತುಂಬಿತು. “ಪಾಪ, ಮೊಮ್ಮಗನ್ನ ಕಳಕೊಂಡಾರ್ರಿ” ಎಂದ ಮಾಲೀಕರಿಗೆ.

ಕಸ್ತೂರೆವ್ವ ಅಲ್ಲಿ ನಿಲ್ಲದೆ ಮಲಿಕಾಬಿಯ ಮನೆಗೆ ನಡೆದಳು. ಎಲ್ಲ ಕೇಳಿ ಮಲಿಕಾಬಿ ಹಣೆ ಬಡಿದುಕೊಂಡಳು. “ನಿನಗ ಗೊತ್ತೈತಿ ಅಂದಿದ್ನಲ್ಲ ಅಂವಾ! ನಾ ಒಂದ ಮಾತು ಕೇಳಿದ್ರ ನೀ ಎದ್ದು ಹೋಗ್ತಿದ್ದಿ.”

ಉಳಿದ ಹೆಂಗಸರಿಗೆ ಹೇಳಿದರೆ ಅರ್ಧ ಜನ ನಂಬಲಿಲ್ಲ. ಬಸ್ಸಿನ ತನಕ ಕೈಹಿಡಿದು ಹೋದವನು ಹಾಗೆ ಮಾಡುತ್ತಾನೆಯೇ ಎಂದರು. ದೀಪಾವಳಿಗೆ ದಿನಕರನಿಗೆ ಬಡ್ತಿಯಾಗಿ ಮಾಲೀಕರ ಹುಬ್ಬಳ್ಳಿ ಅಂಗಡಿಯ ಉಸ್ತುವಾರಿ ಸಿಕ್ಕಿತು. ನಂಬದಿದ್ದವರು ಮಾಲೆ ಹಾಕಿ ಕಳಿಸಿಕೊಟ್ಟರು.

ಅಷ್ಟರಲ್ಲಿ ಈ ಇಬ್ಬರೂ ಕೆಲಸ ಬಿಟ್ಟು ಮಲಿಕಾಬಿಯ ಪಡಸಾಲೆಯಲ್ಲಿ ಮಗ್ಗ ಹೂಡಿದ್ದರು. ಆದರೆ ಕಸ್ತೂರೆವ್ವನಿಗೆ ಒಂದೆಡೆ ಕೂರಲಾಗುತ್ತಿರಲಿಲ್ಲ. ಓಣಿಯಲ್ಲಿ ಹೆಜ್ಜೆ ಸಪ್ಪಳವಾದರೆ ಸಾಕು, ಎದ್ದು ಹೋಗಿ ನೋಡಿ ಬರುತ್ತಿದ್ದಳು. ಅವಳ ಕಡೆಯ ನೂಲು ಸಡಿಲಾಗುತ್ತಿತ್ತು. ಮಲಿಕಾಬಿ ಅದನ್ನು ಬಿಚ್ಚಿ ಮತ್ತೆ ತುಂಬುತ್ತಿದ್ದಳು.

ಎರಡು ವರ್ಷಕ್ಕೆ ಮಗಳು ಮತ್ತೆ ಬಸಿರಾದಾಗ ಕಸ್ತೂರೆವ್ವ ಐದನೆಯ ತಿಂಗಳಿಗೇ ಹೋಗಿ ಕರೆತಂದಳು. ಹೆಣ್ಣು ಕೂಸು ಹುಟ್ಟಿತು. ಆಮೇಲೂ ಮಗಳು ತಾಯಿಯೊಡನೆ ಹೆಚ್ಚು ಮಾತಾಡಲಿಲ್ಲ. ಆದರೆ ಕೂಸಿಗೆ ನೀರೆರೆಯುವ ಹೊತ್ತಾದಾಗ ಅದನ್ನು ತಂದು ತಾಯಿಯ ಕಾಲ ಮೇಲೇ ಮಲಗಿಸಿದಳು.