ಎಡಸಾಲಿನವರ ಊಟ

ನಾನು ಚಿತ್ರ ಬರೆಸಿಕೊಳ್ಳುವ ಒಂದು ಕಪ್ಪು ಹಲಗೆ. ಹುಟ್ಟಿದ್ದು ದೂರದ ದೇಶದ ಒಂದು ಕಾರ್ಖಾನೆಯಲ್ಲಿ. ಜೊತೆಗೆ ಒಂದು ಪೆನ್ನನ್ನೂ ಕೊಟ್ಟು ಕಳಿಸಿದರು. ಆದರೆ ನನ್ನ ಮೇಲೆ ಗೆರೆ ಮೂಡುವುದಿಲ್ಲ. ಎಳೆಯುವುದು ನನ್ನ ಮೇಲೆ, ಕಾಣುವುದು ಎದುರಿನ ಕಂಪ್ಯೂಟರಿನಲ್ಲಿ. ನನಗೆ ಓದು ಬಾರದು. ಮೇಲೆ ಆಡುವ ಕೈಯ ಭಾರದಿಂದಲೇ ಮನುಷ್ಯರನ್ನು ತಿಳಿದುಕೊಂಡೆ.

ಮೊದಲು ನಾನು ಸೇರಿದ್ದು ಹುಬ್ಬಳ್ಳಿಯಲ್ಲಿ ಗುರುನಾಥ ಎಂಬುವರ ಫೋಟೋ ಸ್ಟುಡಿಯೋ. ಮದುವೆ ಆಲ್ಬಮ್ಮಿನ ಮದುಮಕ್ಕಳ ಮುಖವನ್ನು ಬೆಳ್ಳಗೆ ಮಾಡುವುದು ನನ್ನ ಕೆಲಸ. ಅವರ ಕೈ ಹೂವಿನಷ್ಟು ಹಗುರ. ಅಲ್ಲಿ ಸುಖವಾಗಿಯೇ ಇದ್ದೆ.

ಸ್ಟುಡಿಯೋ ಮುಚ್ಚಿದಾಗ ಗುರುನಾಥರು ನನ್ನನ್ನು ಕಸ್ತೂರಿ ಬಡಿಗೇರ ಎಂಬ ಹುಡುಗಿಗೆ ಕೊಟ್ಟರು. ಅವಳು ಅಂಗನವಾಡಿ ಗೋಡೆಗಳ ಮೇಲೆ ಆನೆ, ಗಿಳಿ ಬರೆಯುತ್ತಿದ್ದವಳು. ಗೋಡೆಯ ಮೇಲೆ ಒತ್ತಿದಂತೆಯೇ ನನ್ನ ಮೇಲೂ ಒತ್ತಿದಳು. ಮೈ ನೋಯಿತು, ನಿಜ. ಆದರೆ ಆ ಕೈಯಲ್ಲಿ ಜೀವವಿತ್ತು.

ನನ್ನನ್ನು ಚೀಲದಲ್ಲಿಟ್ಟುಕೊಂಡು ಅವಳು ವಿದ್ಯಾಧರ ಎಂಬುವರ ಆಫೀಸಿಗೆ ಸೇರಿದಳು. ಅಲ್ಲಿ ಮೊಬೈಲಿನಲ್ಲಿ ಆಡುವ ಆಟಗಳನ್ನು ಮಾಡುತ್ತಿದ್ದರು. ಆಗ ಕೈಗೆತ್ತಿಕೊಂಡಿದ್ದು ಪುಣೆಯ ಕಂಪನಿಯೊಂದು ಮಾಡಿಸುತ್ತಿದ್ದ ಒಂದು ಖಾನಾವಳಿಯ ಆಟ. ಬಸಲಿಂಗವ್ವ ಎಂಬ ಹೆಂಗಸು ಎರಡು ಸಾಲಿನ ನಡುವೆ ಓಡಾಡುತ್ತ ರೊಟ್ಟಿ, ಎಣ್ಣೆಗಾಯಿ ಬಡಿಸಬೇಕು. ಆಟ ಚೆನ್ನಾಗಿ ಮೂಡಿದರೆ ಕಸ್ತೂರಿಯ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಗೋಡೆ.

ಈ ಕೆಲಸದಲ್ಲಿ ಒಂದು ರೂಢಿ ಇದೆ. ಬಲಕ್ಕೆ ತಿರುಗಿದ ಬಸಲಿಂಗವ್ವನನ್ನು ಬರೆದರೆ ಸಾಕು. ಎಡಕ್ಕೆ ತಿರುಗಬೇಕಾದಾಗ ಕಂಪ್ಯೂಟರು ಅದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಹಾಕುತ್ತದೆ. ಅರ್ಧ ಶ್ರಮ ಉಳಿಯುತ್ತದೆ. ಕಸ್ತೂರಿಯೂ ಹಾಗೇ ಮಾಡಿದಳು.

ಒಂದು ಭಾನುವಾರ ಮನೆಯಲ್ಲಿ ಕಸ್ತೂರಿ ನನ್ನ ಮೇಲೆ ಬರೆಯುತ್ತಿದ್ದಾಗ, ಅವಳ ಅಕ್ಕ ಶಾಂತಕ್ಕ ಪಕ್ಕದಲ್ಲಿ ಮೊಬೈಲಿನಲ್ಲಿ ಆ ಅರೆಬರೆ ಆಟ ಆಡುತ್ತ ಕೂತಿದ್ದಳು.

"ಏನಲೇ ಕಸ್ತೂರಿ, ಈಕಿ ಎಡಗೈಲೆ ರೊಟ್ಟಿ ನೀಡಾಕತ್ಯಾಳ?"

"ಎಲ್ಲಿ ಅಕ್ಕಾ?"

"ಈ ಎಡಗಡೆ ಸಾಲಿನ್ಯಾಗ. ಪಾಪ, ಇವರೇನ್ ತಪ್ಪ ಮಾಡ್ಯಾರ? ಎದ್ದ ಹೋಗ್ತಾರ ನೋಡು!"

ಕಸ್ತೂರಿ ನನ್ನ ಮೇಲೆ ಪೆನ್ನಿಟ್ಟು ಮೊಬೈಲಿನತ್ತ ಬಾಗಿದಳು. ಕನ್ನಡಿಯಲ್ಲಿ ತಿರುವಿದ ಚಿತ್ರದಲ್ಲಿ ಬಲಗೈ ಎಡಗೈ ಆಗಿತ್ತು.

ಮರುದಿನ ವಿದ್ಯಾಧರರು ನಕ್ಕುಬಿಟ್ಟರು. "ಬೆರಳಿನಷ್ಟ ಗೊಂಬಿ ರೀ ಅದು. ಕೈ ಯಾರ್ ನೋಡ್ತಾರ?"

"ನಮ್ಮಕ್ಕ ನೋಡಿದ್ಲ್ರೀ ಸರ್."

"ಅವರಿಗೆ ಬ್ಯಾರೆ ಕೆಲಸಿಲ್ಲೇನ್ರೀ? ಈ ವಾರ ಪುಣೆಯವರಿಗೆ ಕಳಸಬೇಕು. ಆಗಂಗಿಲ್ಲ ಅಂದ್ರ ಹೇಳ್ರಿ, ಬ್ಯಾರೆಯವರನ್ನ ನೋಡ್ತೀನಿ."

ಸಂಜೆ ಎಲ್ಲರಿಗೂ ಮಂಡಕ್ಕಿ ಕಲಸಿದ ಗಿರಮಿಟ್ ತರಿಸಿದ್ದರು. ಕಸ್ತೂರಿ ಒಂದು ತಟ್ಟೆ ಎತ್ತಿಕೊಂಡು, ನನ್ನ ಮೇಲಿಂದಲೇ ಎಡಗೈ ಚಾಚಿ ವಿದ್ಯಾಧರರ ಮುಂದೆ ಹಿಡಿದಳು. ಅವರ ಕೈ ಎದ್ದಿದ್ದು ಅಲ್ಲೇ ನಿಂತಿತು.

"ಏನ್ರೀ ಇದು, ಎಡಗೈಲೆ ಕೊಡ್ತೀರಿ?"

"ಗಿರಮಿಟ್ ಅದೇ ಐತ್ರೀ ಸರ್. ಕೈ ಯಾರ್ ನೋಡ್ತಾರ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಕೊನೆಗೆ ವಿದ್ಯಾಧರರೇ ನಕ್ಕರು.

"ಬಲಗೈಲೆ ಕೊಡ್ರೀ ತಾಯಿ, ಹಸಿವಾಗ್ಯದ."

ತಿಂದು ಕೈ ಒರೆಸಿಕೊಂಡು ಪುಣೆಗೆ ಫೋನು ಮಾಡಿ ಇನ್ನೊಂದು ವಾರ ಕೇಳಿದರು. ಆ ಕಡೆಯವರು ಗೊಣಗುತ್ತಲೇ ಒಪ್ಪಿದರು. ವಿದ್ಯಾಧರರು ದೊಡ್ಡ ಮನುಷ್ಯ. ಆ ನಗುವನ್ನು ನಾನು ಮರೆಯುವುದಿಲ್ಲ.

ಎಡಕ್ಕೆ ತಿರುಗಿ ಬಲಗೈಯಲ್ಲಿ ಬಡಿಸುವಾಗ ಮೈ ಹೇಗೆ ಬಾಗುತ್ತದೆ ಎನ್ನುವುದು ಕಸ್ತೂರಿಗೆ ಸಿಗಲಿಲ್ಲ. ಅಕ್ಕನನ್ನು ಆಫೀಸಿಗೆ ಕರೆಸಿ, ಕೈಗೆ ಬುಟ್ಟಿ ಕೊಟ್ಟು, ಕುರ್ಚಿಗಳ ಮುಂದೆ ಓಡಾಡಿಸಿದಳು.

"ಖಾಲಿ ಬುಟ್ಟಿ ಕೊಟ್ಟ ಕುಣಸ್ತೀಯಲ್ಲ, ಒಂದ ರೊಟ್ಟಿನರ ಹಾಕಲೇ!"

ಆ ವಾರ ಕಸ್ತೂರಿ ಒತ್ತಿದ ಒತ್ತಿಗೆ ನನ್ನ ನಡುವಿನ ಮೈ ಸವೆದು ನುಣ್ಣಗಾಯಿತು. ಪೆನ್ನಿನ ಮೊನೆಯನ್ನೂ ಬದಲಿಸಬೇಕಾಯಿತು. ಬೇಜಾರಿಲ್ಲ. ಕೆಲಸಕ್ಕೆಂದು ಹುಟ್ಟಿದ ಮೈ ಕೆಲಸದಲ್ಲಿ ಸವೆದರೆ ಅದಕ್ಕಿಂತ ಪುಣ್ಯ ಯಾವುದು?

ಆಟ ಹೊರಬಂತು. ಕಸ್ತೂರಿ ಕಾಯಂ ಆದಳು. ಆಡಿದವರು ರೊಟ್ಟಿ ತಟ್ಟುವ ಸದ್ದನ್ನು ಹೊಗಳಿದರು, ಬಸಲಿಂಗವ್ವನ ಗದರಿಕೆಯನ್ನು ಹೊಗಳಿದರು. ಕೈಯ ಬಗ್ಗೆ ಒಬ್ಬರೂ ಬರೆಯಲಿಲ್ಲ.

"ಯಾರೂ ನೋಡೇ ಇಲ್ಲ ಅಕ್ಕಾ," ಎಂದಳು ಕಸ್ತೂರಿ.

"ಉಂಡ ಎದ್ರಲ್ಲ, ಸಾಕ ಬಿಡು," ಎಂದಳು ಶಾಂತಕ್ಕ.

ಈಗ ಕಸ್ತೂರಿಗೆ ಚಿತ್ರ ತನ್ನ ಮೇಲೆಯೇ ಕಾಣುವ ಹೊಸ ಹಲಗೆ ಬಂದಿದೆ. ಅವಳು ನನ್ನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಎತ್ತಿ ಆಫೀಸಿನ ಕಿಟಕಿಯ ಪಕ್ಕದ ಗೂಡಿನಲ್ಲಿಟ್ಟಳು. ಬಿಸಿಲು ಬರುತ್ತದೆ, ತೊಂದರೆಯಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹೊಸದಾಗಿ ಸೇರಿದವರು ಇಲ್ಲೇ ನಿಂತು ಆ ಆಟ ಆಡುತ್ತಾರೆ. "ಏ, ಎಡಗಡೆ ಸಾಲಿಗೆ ಮೊದಲ ನೀಡಲೇ, ಹಸದ ಕುಂತಾರ," ಎಂದು ಒಬ್ಬರನ್ನೊಬ್ಬರು ಬೈಯುತ್ತಾರೆ. ನಾನು ಕೇಳುತ್ತ ಮಲಗಿರುತ್ತೇನೆ.