ಅರ್ಧ ಸುತ್ತು ಸಡಿಲ

ದಾರದ ತುದಿ ಅವಳ ನಾಲಗೆಗೆ ತಾಗಿದಾಗ ಪೆಟ್ರೋಲಿನ ರುಚಿ ಬಂತು, ಸೂಜಿಗೆ ಪೋಣಿಸುವ ಮೊದಲು ದಾರವನ್ನು ತುಟಿಯಲ್ಲಿ ಒದ್ದೆ ಮಾಡಿ ಚೂಪು ಮಾಡುವುದು ಹಳೆಯ ಅಭ್ಯಾಸ, ಬೆರಳಿನಿಂದ ದಾರಕ್ಕೆ, ದಾರದಿಂದ ನಾಲಗೆಗೆ, ನಿನ್ನೆ ಸಂಜೆ ಸೋಪು, ಬೆಳಿಗ್ಗೆ ಮತ್ತೆ ಸೋಪು, ನಿಂಬೆ ಸಿಪ್ಪೆಯಲ್ಲೂ ತಿಕ್ಕಿದ್ದಾಯಿತು, ಆದರೂ ಉಗುರಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿದೆ — ಎದುರು ಮಿಶನ್ನಿನಲ್ಲಿ ಪರದೆ ಹೊಲಿಯುತ್ತಿದ್ದ ಅಂಗಡಿ ಯಜಮಾನಿ ತಲೆ ಎತ್ತಲಿಲ್ಲ, ಸದ್ಯ, ಯಜಮಾನಿಯ ಮೂಗಿಗೆ ಅಂಟು, ಸ್ಪಂಜು, ಹೊಸ ರೆಕ್ಸಿನ್ನು ಬಿಟ್ಟರೆ ಬೇರೇನೂ ಹತ್ತುವುದಿಲ್ಲ. ಸೋಫಾ, ಕುರ್ಚಿ, ಬಸ್ಸಿನ ಸೀಟು ಎಂದು ಹೊಲಿದು ಹೊಲಿದು ಸೂಜಿ ಹಿಡಿದ ಅವಳ ತಲೆಯೂ ನರೆತದ್ದು ಈ ಅಂಗಡಿಯಲ್ಲೇ, ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ, ಮನಸ್ಸಿಗೆ ಬೇಕಾದಷ್ಟು ಬಿಡುವು, ಇವತ್ತು ಅದೇ ಕಷ್ಟ. ಅಕ್ಕ, ಇವತ್ತು ಕಪ್ಪೆ ಎದ್ದೇಳುತ್ತೆ ನೋಡ್ತಿರು, ಎಂದಿದ್ದ ತಮ್ಮ ಬೆಳಿಗ್ಗೆ, ಚಹದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಲವತ್ತು ದಾಟಿದವನ ಮುಖದಲ್ಲಿ ಶಾಲೆಗೆ ರಜೆ ಸಿಕ್ಕಿದ ಹುಡುಗನ ಕಳೆ, ಏಳಲಿ ಬಿಡು ಎಂದಳು ಅವಳು, ಎಷ್ಟು ಸಲೀಸಾಗಿ ಬಂತು ಬಾಯಿಂದ, ಅದು ಏಳುವುದಿಲ್ಲ ಎಂದು ಗೊತ್ತಿದ್ದವಳ ಬಾಯಿಂದ.

ಕಪ್ಪೆ ಎಂದರೆ ಕಾರು, ಅವಳಿಗಿಂತ ವಯಸ್ಸಾದದ್ದು, ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಬೋನೆಟ್ಟಿನ ಮೇಲೆ ಗುಂಡಗೆ ಎದ್ದು ನಿಂತ ಎರಡು ದೀಪ, ಒಂದು ಕಾಲಕ್ಕೆ ಪಂದ್ಯದಲ್ಲಿ ಓಡಿತ್ತಂತೆ, ಪಕ್ಕದ ಮನೆಯ, ಗ್ಯಾರೇಜಿನಲ್ಲಿ ತಗಡು ಬಡಿಯುವ ಟಿಂಕರ್ ಮಾವ ಯಾವುದೋ ಮುಚ್ಚಿದ ಗೋದಾಮಿನಿಂದ ಎಳೆದು ತಂದಾಗ ಅದರ ಹೊಟ್ಟೆಯಲ್ಲಿ ಇಲಿ ಸಂಸಾರ ಹೂಡಿತ್ತು. ತಗೋ, ಸುಮ್ನೆ ಗೋಡೆ ನೋಡ್ಕೊಂಡು ಕೂರೋದಕ್ಕಿಂತ ಇದನ್ನ ನೋಡ್ಕೊಂಡು ಕೂತ್ಕೋ, ಎಂದು ತಮ್ಮನಿಗೆ ಹೇಳಿ ಮಾವ ಅದನ್ನು ಮನೆಯ ಹಿಂದಿನ ತಗಡಿನ ಶೆಡ್ಡಿಗೆ ದಬ್ಬಿದ, ಆಗ ಅವಳೇ ಅಲ್ಲವೇ ಕೈಮುಗಿದವಳು, ಪುಣ್ಯ ಕಟ್ಕೊಂಡ್ರಿ ಮಾವ ಎಂದವಳು. ಗೋಡೆ ನೋಡುತ್ತಲೇ ಇದ್ದನಲ್ಲ ತಮ್ಮ, ತಿಂಗಳುಗಟ್ಟಲೆ, ಅರ್ಧ ಊರಿಗೆ ಕಾರು ಕಲಿಸಿದ ಮೇಷ್ಟ್ರು, ಕ್ಲಚ್ ನಿಧಾನ ಬಿಡಿ ಮೇಡಂ, ಕನ್ನಡಿ ನೋಡಿ ಸಾರ್, ಹಗಲೆಲ್ಲ ಇದೇ ಮಾತು, ನಿದ್ದೆಯಲ್ಲೂ ಇದೇ ಮಾತು, ಒಂದು ಮಧ್ಯಾಹ್ನ ಪಾಠದ ಕಾರಿನಲ್ಲೇ ಕುತ್ತಿಗೆ ಒಂದು ಕಡೆ ವಾಲಿ, ಹಲ್ಲು ಕಚ್ಚಿ, ಕಾಲು ಸೆಟೆದು — ಕಲಿಯಲು ಬಂದಿದ್ದ ಹೆಂಗಸು ಹ್ಯಾಂಡ್‌ಬ್ರೇಕ್ ಎಳೆದು ಉಳಿಸಿದಳು, ಅವನೇ ಕಲಿಸಿದ್ದ ಬ್ರೇಕು, ಹಿಂದಿನ ದಿನ. ಆಮೇಲೆ ಮನೆಯಲ್ಲಿ ಎರಡು ಸಲ, ಸ್ನಾನದ ಮನೆಯಲ್ಲಿ ಒಂದು ಸಲ, ಬಾಗಿಲಾಚೆ ಬಕೆಟ್ಟು ಉರುಳಿದ ಸದ್ದು ಈಗಲೂ ಕಿವಿಯಲ್ಲಿದೆ. ಮಾತ್ರೆ ತಪ್ಪಿಸಬಾರದು, ನಿದ್ದೆ ಕೆಡಬಾರದು, ಇನ್ನು ಮೇಲೆ ಸ್ಟೀರಿಂಗ್ ಹಿಡಿಯೋ ಆಸೆ ಬಿಟ್ಟುಬಿಡಿ, ಎಂದರು ಡಾಕ್ಟರು, ಅವನು ತಲೆ ಆಡಿಸಿದ, ಬೇರೆ ಯಾರಿಗೋ ಹೇಳುತ್ತಿದ್ದಾರೆ ಎನ್ನುವ ಹಾಗೆ.

ಕಪ್ಪೆ ಬಂದ ಮೇಲೆ ಮನುಷ್ಯನಾದ, ಅದನ್ನು ಇಲ್ಲವೆನ್ನುವುದು ಹೇಗೆ, ಹೊತ್ತಿಗೆ ಸರಿಯಾಗಿ ಉಂಡ, ಹೊತ್ತಿಗೆ ಸರಿಯಾಗಿ ಮಲಗಿದ, ತುಕ್ಕು ಕೆರೆದು ಕೆರೆದು ಕೈಯೆಲ್ಲ ಕೆಂಪು, ಅಕ್ಕ ಈ ಕಡೆ ಹಿಡ್ಕೋ, ಅಕ್ಕ ಆ ಸ್ಪ್ಯಾನರ್ ಕೊಡು, ಅದಲ್ಲ, ಚಿಕ್ಕದು, ನೀನು ಒಳ್ಳೆ ಅಸಿಸ್ಟೆಂಟು, ಕೇಳಿದ್ದು ಬಿಟ್ಟು ಮಿಕ್ಕಿದ್ದೆಲ್ಲ ಕೊಡ್ತೀಯ. ಮೂರ್ಛೆಯ ಸುದ್ದಿಯಿಲ್ಲದೆ ಒಂದು ವರ್ಷ ದಾಟಿತು. ಸೀಟು ಹೊಲಿಯುವುದು ಅವಳ ಪಾಲಿಗೆ ಬಂತು, ಕಂದು ಬಣ್ಣದ ಚರ್ಮ, ಅಂಚಿಗೆ ಕೆನೆ ಬಣ್ಣದ ದಾರ, ಒಂದು ಭಾನುವಾರ ಸೀಟು ಕೂರಿಸಿದ ಮೇಲೆ ಅವನು ಅದರಲ್ಲಿ ಕೂತು, ಕಣ್ಣು ಮುಚ್ಚಿ, ಬಾಯಲ್ಲೇ ಬುರ್ ಬುರ್ ಎಂದು ಗೇರು ಬದಲಾಯಿಸುತ್ತಾ ಹೇಳಿದ, ಕೆರೆ ಏರಿ ಮೇಲೆ ಒಂದೇ ಒಂದು ಸುತ್ತು ಅಕ್ಕ, ಯಾರಿಗೂ ಗೊತ್ತಾಗಲ್ಲ, ಒಂದೇ ಸುತ್ತು. ಏನೋ ತಮಾಷೆ ಮಾಡ್ತೀಯಾ ಎಂದಳು. ಅವನು ನಗಲಿಲ್ಲ, ಕಣ್ಣೂ ಬಿಡಲಿಲ್ಲ. ಡಾಕ್ಟರಿಗೆ ಹೇಳ್ತೀನಿ ಎಂದು ಹೆದರಿಸಿದಳು, ಅತ್ತಳು, ಎರಡು ದಿನ ಮಾತು ಬಿಟ್ಟಳು, ಅವನು ಎಲ್ಲಕ್ಕೂ ಹೂಂ ಎನ್ನುತ್ತಿದ್ದ, ಪಾಪ, ಜಗಳವೇ ಆಡುತ್ತಿರಲಿಲ್ಲ, ಹೂಂ ಎಂದು ಶೆಡ್ಡಿಗೆ ಹೋಗುತ್ತಿದ್ದ. ಶೆಡ್ಡಿಗೆ ಬೀಗ ಹಾಕಿದರೆ ಮತ್ತೆ ಗೋಡೆ. ಕಾರು ಮುಗಿದರೆ ಕೆರೆ ಏರಿ. ಹಾಗಾದರೆ ಮುಗಿಯದೇ ಇರಲಿ, ಅಷ್ಟೇ ತಾನೆ — ಎಂದು ಯಾವತ್ತು ಅಂದುಕೊಂಡಳೋ, ಅವತ್ತಿನಿಂದ ಶುರು, ಮೊದಲು ಸೀಟಿನ ಹೊಲಿಗೆ ಬಿಚ್ಚಿದಳು, ದಾರ ಲಡ್ಡಾಗಿದೆ ಕಣೋ, ಎಳೆದ್ರೆ ಕಿತ್ತು ಬರುತ್ತೆ, ಮತ್ತೆ ಹೊಲೀಬೇಕು ಎಂದಳು, ಆಮೇಲೆ ಎಂಜಿನ್ನಿಗೆ ಕಿಡಿ ಹಂಚುವ ಡಬ್ಬಿಯೊಳಗಿನ ಹೆಬ್ಬೆರಳುದ್ದದ ಒಂದು ಸಾಮಾನನ್ನು ತನ್ನ ಗುಂಡಿಗಳ ಡಬ್ಬಿಗೆ ಸೇರಿಸಿದಳು, ಅವನು ಶೆಡ್ಡು ಗುಡಿಸಿ ಗುಡಿಸಿ ಹುಡುಕಿದ, ಅವಳೂ ಪಕ್ಕದಲ್ಲಿ ಮಂಡಿಯೂರಿ ಹುಡುಕಿದಳು, ಛೆ, ಮಂಡಿಯೂರಿ, ಎಂಥ ನಾಟಕ. ಅಂಚೆಯಲ್ಲಿ ಇನ್ನೊಂದು ಬರುವವರೆಗೆ ಅವಳಿಗೆ ನಿಶ್ಚಿಂತೆಯಾಗಿ ನಿದ್ದೆ ಬಂತು. ಅವನ ನಿದ್ದೆ ಕೆಟ್ಟಿತು.

ನಿನ್ನೆ ಸಂಜೆ ಅವನು ಬ್ಯಾಟರಿ ತರಲು ಹೋದಾಗ ಪೆಟ್ರೋಲಿನ ಕೊಳವೆಯ ಸರದಿ. ಈ ಪೈಪಿನೊಳಗೆ ಚೂರು ಗಾಳಿ ಹೊಕ್ಕರೂ ಮುಗೀತು ಕಣಮ್ಮ, ಎಂಜಿನ್ನು ಪೆಟ್ರೋಲ್ ಎಳೆಯೋದೇ ಇಲ್ಲ, ಆಮೇಲೆ ಗಾಳಿ ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಂಡು ಕೂರಬೇಕು, ಎಂದು ಟಿಂಕರ್ ಮಾವ ಯಾವಾಗಲೋ ಹೇಳಿದ್ದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು, ಬೋನೆಟ್ಟಿನ ಒಳಗೆ ಎಡಗಡೆ, ಕೈ ಹಿಂದಕ್ಕೆ ತಿರುಚಿದರೆ ಮಾತ್ರ ಸಿಗುವ ಹಿತ್ತಾಳೆ ನಟ್ಟು, ಅರ್ಧ ಸುತ್ತು ಸಡಿಲ, ಕಣ್ಣಿಗೆ ಬಿಗಿಯಾಗೇ ಕಾಣುತ್ತದೆ, ಒಂದು ವಾರ ಹುಡುಕಲಿ, ಎರಡು ವಾರ ಹುಡುಕಲಿ, ತಲೆ ಕೆಡಿಸಿಕೊಂಡರೂ ಪರವಾಗಿಲ್ಲ, ಜೀವವೊಂದು ಉಳಿದರೆ — ಯಜಮಾನಿ ಪರದೆಯನ್ನು ಇಸ್ತ್ರಿ ಮೇಜಿನ ಮೇಲೆ ಹರಡಿ ನೀರಿನ ಸ್ಪ್ರೇ ಬಾಟಲಿ ಒತ್ತಿದಳು, ಪುಸ್, ಪುಸ್, ಬಿಸಿಲಿನಲ್ಲಿ ಹನಿಗಳ ಮಂಜು ನಿಂತಿತು, ಇಸ್ತ್ರಿಪೆಟ್ಟಿಗೆ ಇಟ್ಟಳು, ಚುಂಯ್ ಎಂದಿತು. ಸೂಜಿ ಹಿಡಿದಿದ್ದ ಅವಳ ಕೈ ನಿಂತಿತು. ಹಳೇ ಪಂಪು ಬಿಸಾಕಿದೆ ಅಕ್ಕ, ಅದು ಎಳೀತಿತ್ತು, ಇದು ಕರೆಂಟಿನದು, ಹಿಂದುಗಡೆಯಿಂದ ತಳ್ಳುತ್ತೆ, ಕೀ ತಿರುಗಿಸಿದ್ರೆ ಸಾಕು ಟಿಕ್ ಟಿಕ್ ಅಂತ ತಳ್ತಾ ಇರುತ್ತೆ, ತುಂಬಿದ ಮೇಲೆ ತಾನೇ ಸುಮ್ಮನಾಗುತ್ತೆ — ತಮ್ಮ ಯಾವತ್ತು ಹೇಳಿದ, ಹೋದ ವಾರವೋ, ಊಟಕ್ಕೆ ಬಡಿಸುತ್ತಾ ಹೂಂ ಹೂಂ ಎಂದಿದ್ದಳು, ಕಿವಿಗೆ ಹಾಕಿಕೊಂಡಿರಲಿಲ್ಲ. ತಳ್ಳುತ್ತೆ. ಎಳೆಯುವುದಿಲ್ಲ, ತಳ್ಳುತ್ತದೆ, ಸಡಿಲ ನಟ್ಟಿನ ಸಂದಿಯಿಂದ ಪೆಟ್ರೋಲು ಪುಸ್ ಎಂದು, ಕೆಳಗೇ ಹೊಗೆಕೊಳವೆ, ಮತ್ತೆ ಟಿಂಕರ್ ಮಾವನ ಹಾಳು ನಗು, ಮೊದಲ ಸಲ ಎದ್ದಾಗ ಹಳೇ ಎಂಜಿನ್ನು ಸೀನುತ್ತೆ ಕಣೋ, ಮೂತಿಯಿಂದ ಬೆಂಕಿ ಉಗುಳುತ್ತೆ, ಮೀಸೆ ಜೋಪಾನ.

ಫೋನು ಮಾಡಿದಳು, ಅದು ಹಾಡುತ್ತಲೇ ಇತ್ತು, ಎಲ್ಲಿ ಹಾಡುತ್ತಿದೆ ಎಂದೂ ಗೊತ್ತು, ಅಡುಗೆಮನೆಯ ಕಿಟಕಿಯಲ್ಲಿ, ಶೆಡ್ಡಿಗೆ ಅವನು ಫೋನು ಒಯ್ಯುವುದಿಲ್ಲ, ಟಿಂಕರ್ ಮಾವ ಕೆಲಸದ ಮೇಲೆ ಹೊರಗೆ, ಎಲ್ಲಿಗೇ ಹೊರಟೆ ಎಂದು ಯಜಮಾನಿ ಕೇಳುವಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು, ಒಂದು ಚಪ್ಪಲಿ ಕಾಲಲ್ಲಿ ನಿಲ್ಲದೆ ಹಿಂದೆ ಉಳಿಯಿತು, ಉಳಿಯಲಿ, ಔಷಧಿ ಅಂಗಡಿ, ಗಿರಣಿ, ಇಸ್ತ್ರಿಯವನ ಗಾಡಿ, ದಾರಿ ಬಿಡಿ, ದಾರಿ ಬಿಡಿ, ಏನಾಯ್ತಮ್ಮ ಎಂದರು ಯಾರೋ, ಏನಾಯಿತು ಎಂದು ಹೇಳುವುದು, ನನ್ನ ತಮ್ಮನಿಗೆ ನಾನೇ ಬೆಂಕಿ ಇಟ್ಟು ಬಂದಿದ್ದೇನೆ ಎನ್ನುವುದೇ. ಕಣ್ಣ ಮುಂದೆ ಅವನ ಎಡಗೈ ಹೆಬ್ಬೆರಳು, ಕೆಂಪು ಬಣ್ಣ ಹತ್ತಿದ ಉಗುರು, ಸ್ಟಾರ್ಟರಿನ ಕಪ್ಪು ಗುಂಡಿಯ ಕಡೆಗೆ ಹೋಗುತ್ತಿದೆ, ಓಡುತ್ತಾ ಓಡುತ್ತಾ ಮತ್ತೆ ಅದೇ ಹೆಬ್ಬೆರಳು, ಅಮ್ಮ ಹೋದ ಮೇಲೆ ಎಷ್ಟೋ ವರ್ಷ ಅವನು ಅದನ್ನು ಚೀಪುತ್ತಾ ಅವಳ ಸೆರಗು ಹಿಡಿದು ಮಲಗುತ್ತಿದ್ದ, ಬೇವಿನೆಣ್ಣೆ ಹಚ್ಚಿ ಬಿಡಿಸಿದ್ದಳು, ಆಗಲೂ ಹೇಳದೆ ಕೇಳದೆ, ಅವನು ನಿದ್ದೆ ಹೋದ ಮೇಲೆ ಕದ್ದು ಹಚ್ಚಿ. ತಿರುವಿನಲ್ಲಿ ಹೊಗೆ ಕಂಡಿತು — ಅಲ್ಲ, ಯಾರದೋ ಮನೆಯ ಕಸ. ಗೇಟು ತೆರೆದೇ ಇತ್ತು, ಹಿತ್ತಲಿಗೆ ಬರುವ ಮೊದಲೇ ವಾಸನೆ, ವಾಸನೆಯ ಜೊತೆಗೇ ಸದ್ದು, ಟಿಕ್ ಟಿಕ್ ಟಿಕ್ ಟಿಕ್, ತುಂಬದ ಸದ್ದು.

ಶೆಡ್ಡಿನ ದೊಡ್ಡ ಬಾಗಿಲು ಹಿಂದಿನ ಬೀದಿಯ ಕಡೆಗೆ ಪೂರ್ತಿ ತೆರೆದಿತ್ತು, ಬೋನೆಟ್ಟು ಎದ್ದು ನಿಂತಿತ್ತು, ಅದರ ಪಕ್ಕದಿಂದ ಅವನ ಅರ್ಧ ಮುಖ, ಡ್ರೈವರ್ ಸೀಟಿನಲ್ಲಿ, ಕ್ರಾಪು ಬೇರೆ ಬಾಚಿಕೊಂಡಿದ್ದಾನೆ, ಈ ಪಂಪು ಇನ್ನೂ ಯಾಕೋ ನಿಲ್ತಿಲ್ಲ ಅಕ್ಕ, ತುಂಬಿರಬೇಕಿತ್ತು, ಇರಲಿ ಒಂದ್ಸಲ ನೋಡೇಬಿಡ್ತೀನಿ — ಬೇಡ, ಎಂದು ಕಿರುಚಿದಳು, ಕೀ ತೆಗಿ, ಕೀ ತೆಗಿಯೋ. ಅವನು ಹೆದರಿ ಕೀ ಹಿಂದಕ್ಕೆ ತಿರುಗಿಸಿದ. ಟಿಕ್ ಟಿಕ್ ನಿಂತಿತು. ಹೊಗೆಕೊಳವೆಯ ಮೇಲೆಲ್ಲ ಒದ್ದೆ, ಕೆಳಗೆ ನೆಲದ ಮೇಲೆ ಬಣ್ಣ ಬಣ್ಣದ ಮಡು, ಅವನು ಇಳಿದು ಬಂದು ಬಗ್ಗಿ ನೋಡಿದ, ಅಯ್ಯೋ, ಎಲ್ಲಿಂದ ಸೋರ್ತಿದೆ ಇದು, ಟಾರ್ಚು ತಗೊಂಡು ಬಾ ಅಕ್ಕ, ಎಲ್ಲಾ ಜಾಯಿಂಟೂ ನೋಡಬೇಕು, ಅನ್ನುವಷ್ಟರಲ್ಲಿ ಅವಳ ಕೈ ಹಲಗೆಯ ಮೇಲಿನ ಸ್ಪ್ಯಾನರುಗಳ ಸಾಲಿನಿಂದ ಒಂದನ್ನು ಎತ್ತಿಕೊಂಡಿತು, ಚಿಕ್ಕದು, ಸರಿಯಾದದ್ದು, ಮೊಣಕೈ ಹಿಂದಕ್ಕೆ ತಿರುಚಿ ಒಳಗೆ ಹೋಯಿತು, ನೋಡಲೂ ಇಲ್ಲ, ಹಿತ್ತಾಳೆ ನಟ್ಟಿಗೆ ಸಿಕ್ಕಿಸಿ ಅರ್ಧ ಸುತ್ತು ಬಿಗಿದಳು. ಆಮೇಲೆ ಕೈ ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ.

ಅವನು ಅವಳ ಮೊಣಕೈಯನ್ನೇ ನೋಡುತ್ತಿದ್ದ. ಸೀಟಿನ ದಾರಾನೂ ಲಡ್ಡಾಗಿರಲಿಲ್ಲ ಅಲ್ವಾ, ಎಂದ. ಇಲ್ಲ. ಆ ಕಳೆದುಹೋದ ಸಾಮಾನು? ಎಂದ ಅವನು. ಗುಂಡಿ ಡಬ್ಬೀಲಿದೆ. ಅವನು ಹಳೆ ಬಟ್ಟೆ ತಂದು ಹೊಗೆಕೊಳವೆ ಒರೆಸಿದ, ಮೂಲೆ ಮೂಲೆ ಒರೆಸಿದ, ಮಡುವಿನ ಮೇಲೆ ಬಕೆಟ್ಟಿನ ಮರಳು ಸುರಿದು ಗುಡಿಸಿ ಹೊರಗೆ ಹಾಕಿದ, ಬೈದಿದ್ದರೆ ಚೆನ್ನಾಗಿತ್ತು, ಸ್ಪ್ಯಾನರು ಎಸೆದಿದ್ದರೆ ಚೆನ್ನಾಗಿತ್ತು, ಸುಟ್ಟುಹೋಗ್ತಿದ್ನಲ್ಲೇ ಅಕ್ಕ ಎಂದ, ಅಷ್ಟೇ, ಹುಡುಗರ ಹಾಗೆ, ಅವಳು ಅಲ್ಲೇ ಕೂತು, ಕೆರೆ ಏರಿ ಕಣೋ, ಎಂದಳು, ನೀನು ಕೆರೆ ಏರಿ ಅಂದ್ಯಲ್ಲ, ಅವತ್ತಿಂದ ನಂಗೆ — ಡಾಕ್ಟರು ಓಡಿಸ್ಬೇಡ ಅಂದ್ರು, ಎಬ್ಬಿಸ್ಬೇಡ ಅನ್ಲಿಲ್ಲವಲ್ಲ, ಎಂದ ಅವನು. ಎದ್ದ ಮೇಲೆ? ಎದ್ದ ಮೇಲೆ ಏನ್ ಮಾಡ್ತೀಯ? ಅವನು ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡ. ಗೊತ್ತಿಲ್ಲ ಅಕ್ಕ, ಸುಳ್ಳು ಹೇಳಲ್ಲ, ನಿಜವಾಗ್ಲೂ ಗೊತ್ತಿಲ್ಲ, ನೀನು ಬಂದು ಪಕ್ಕದಲ್ಲಿ ಕೂತ್ಕೋ.

ವಾಸನೆ ಪೂರ್ತಿ ಹೋಗುವವರೆಗೆ ಇಬ್ಬರೂ ಕಾದರು, ಬಾಗಿಲಲ್ಲಿ ಗಾಳಿ ಆಡುತ್ತಿತ್ತು, ಅವನು ಅವಳ ಚಪ್ಪಲಿಯಿಲ್ಲದ ಕಾಲು ನೋಡಿದ, ಬೋನೆಟ್ಟು ಮುಚ್ಚಿದ, ಅವಳು ತಾನೇ ಹೊಲಿದ, ತಾನೇ ಬಿಚ್ಚಿ ಮತ್ತೆ ಹೊಲಿದ ಎಡ ಸೀಟಿನಲ್ಲಿ ಕೂತಳು, ಇಷ್ಟು ತಗ್ಗು ಎಂದು ಗೊತ್ತಿರಲಿಲ್ಲ, ನೆಲದ ಮೇಲೇ ಕೂತ ಹಾಗೆ, ಕೀ, ಟಿಕ್ ಟಿಕ್ ಟಿಕ್, ಟಿಕ್, ಟಿಕ್ — ನಿಂತಿತು, ತುಂಬಿತು, ಬಿಗಿದವಳು ಅವಳೇ, ಈ ಕಾರಿನ ಕೊನೆಯ ಕೆಲಸ ಮುಗಿಸಿದವಳು ಅವಳೇ, ಬೇಡ ಎಂದು ಈಗಲೂ ಹೇಳಬಹುದು, ಹೆಬ್ಬೆರಳು ಗುಂಡಿಯ ಮೇಲೆ ಇಳಿಯಿತು, ಎಂಜಿನ್ನು ಕೆಮ್ಮಿತು, ಕೆಮ್ಮಿತು, ಒಮ್ಮೆ ಸೀನಿತು, ಅವಳು ಕಣ್ಣು ಮುಚ್ಚಿದಳು, ಆಮೇಲೆ ತೊಡೆಯ ಕೆಳಗಿನಿಂದ, ಬೆನ್ನಿನಿಂದ, ಹಲ್ಲಿನೊಳಗಿನಿಂದ ಎದ್ದು ಬಂತು ಸದ್ದು, ತಗಡಿನ ಶೆಡ್ಡೆಲ್ಲ ಗಡಗಡ ಎಂದಿತು, ಅವನು ನಗುತ್ತಿದ್ದಾನೆ, ಅಳುತ್ತಲೂ ಇದ್ದಾನೆ, ಬಾಯಿ ಆಡುತ್ತಿದೆ, ಅಕ್ಕ ಎನ್ನುತ್ತಿರಬೇಕು, ಕೇಳಿಸುತ್ತಿಲ್ಲ, ಎದುರಿಗೆ ತೆರೆದ ಬಾಗಿಲು, ಬಾಗಿಲಾಚೆ ಬಿಸಿಲು ಬಿದ್ದ ಖಾಲಿ ಬೀದಿ, ಗುಂಡಿ ಬಿಟ್ಟ ಕೈ ಗಾಳಿಯಲ್ಲಿ ಒಂದು ಗಳಿಗೆ ಏನೂ ಹಿಡಿಯದೆ ನಿಂತು ಕೆಳಗೆ ಬಂತು, ಇಬ್ಬರ ನಡುವಿನ ಗೇರಿನ ಮೇಲೆ ಕೂತಿತು, ಕೆಂಪು ಹತ್ತಿದ ಉಗುರು, ಆ ಹೆಬ್ಬೆರಳು, ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು, ಒತ್ತಿ ಹಿಡಿದಳೋ ಸುಮ್ಮನೆ ಇಟ್ಟಳೋ, ಆ ಹೆಬ್ಬೆರಳು, ಗೇರಿನ ಮೇಲೆ, ಅವಳ ಅಂಗೈಯ ಕೆಳಗೆ, ಗೇರು ಇನ್ನೂ ತಳ್ಳಿಲ್ಲ, ಕೈ ಇನ್ನೂ ತೆಗೆದಿಲ್ಲ, ಆ ಹೆಬ್ಬೆರಳು —